ವಾಲ್ಟರ್ ಅಂಕಲ್ ಅವರ ಹಡಗು

ನಿಮ್ಮ ಹಡಗು ಯಾವ ಬಂದರಿನಲ್ಲೂ ಇರಲಿಲ್ಲ, ವಾಲ್ಟರ್ ಅಂಕಲ್. ಇದೆ ಎಂದು ನಾನು ಹೇಳಿದ್ದು ಸುಳ್ಳು.

ನಿಮ್ಮ ದೇಶದ ಲಿವೋನಿಯಾ ಊರಿನಲ್ಲಿ ನಾವು ಅಕ್ಕಪಕ್ಕದ ಮನೆಯವರು. ರಿಸೆಷನ್‌ನಲ್ಲಿ ನನ್ನ ಕೆಲಸ ಹೋಗಿತ್ತು. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ಕಂಡಕಂಡಲ್ಲಿ ಅಪ್ಲೈ ಮಾಡುತ್ತಿದ್ದೆ. ನೀವು ಕೇಳಿದ್ದು ಒಂದೇ — ಯುದ್ಧದಲ್ಲಿ ನೀವಿದ್ದ ಡೆಸ್ಟ್ರಾಯರ್ ಯುದ್ಧನೌಕೆ ಈಗ ಎಲ್ಲಿದೆ, ನೋಡಿ ಹೇಳು ಎಂದು. ಜಪಾನಿನ ವಿಮಾನ ಬಂದು ಅಪ್ಪಳಿಸಿದರೂ ಮುಳುಗದೆ ನಿಮ್ಮನ್ನು ದಡ ಸೇರಿಸಿದ ಹಡಗು ಅದು. ಹೊಗೆ ತುಂಬಿದ ಎಂಜಿನ್ ಕೋಣೆಯಿಂದ ಗೆಳೆಯ ಫ್ರಾಂಕ್ ನಿಮ್ಮನ್ನು ಎಳೆದು ತಂದದ್ದೂ ಅದರಲ್ಲೇ.

ಹುಡುಕಿದೆ. ಯುದ್ಧ ಮುಗಿದ ಮೇಲೆ ನಿಮ್ಮ ನೌಕಾಪಡೆಯವರೇ ಅದನ್ನು ಗುರಿ ಅಭ್ಯಾಸಕ್ಕೆ ನಿಲ್ಲಿಸಿ, ಗುಂಡು ಹೊಡೆದು ಮುಳುಗಿಸಿದ್ದರು. ಇದನ್ನು ನಿಮಗೆ ಹೇಗೆ ಹೇಳುವುದು — ಮೈಸೂರಿನಿಂದ ಬಂದಿದ್ದ ಅಮ್ಮನನ್ನು ಕೇಳಿದೆ.

"ಅಯ್ಯೋ, ಈ ವಯಸ್ಸಲ್ಲಿ ಅವ್ರಿಗೆ ಯಾಕೋ ಹೇಳ್ತೀಯ? ನಿಮ್ಮಜ್ಜಿಗೆ ಕೊನೇವರೆಗೂ ದೊಡ್ಡಮಾವ ಹೋಗಿದ್ದು ಹೇಳಲೇ ಇಲ್ಲ, ಅಲ್ವಾ? ಚೆನ್ನಾಗಿದೆ ಅಂದ್ಬಿಡು."

ನಮ್ಮಲ್ಲಿ ಹಾಗೇ, ಹಿರಿಯರಿಗೆ ಕೆಟ್ಟ ಸುದ್ದಿ ಮುಟ್ಟಿಸುವುದಿಲ್ಲ. ಅಂದುಬಿಟ್ಟೆ. ದೂರದ ಬಂದರಿನಲ್ಲಿ ಮ್ಯೂಸಿಯಂ ಆಗಿದೆ, ಕೆಲಸ ಸಿಕ್ಕಿದ ಮೇಲೆ ನಾನೇ ಡ್ರೈವ್ ಮಾಡಿ ಕರೆದುಕೊಂಡು ಹೋಗುತ್ತೇನೆ ಎಂದೂ ಸೇರಿಸಿದೆ — ಸುಳ್ಳಿಗೇನು ಜಿಪುಣತನ! ನೀವು ಹೋಗಿ ಹೊಸ ಶೂ ಕೊಂಡು ತಂದಿರಿ.

ಆಮೇಲೆ ಆ ಫೋನು. ದೂರದ ಸ್ಕೋಕಿ ಊರಿನಿಂದ ಫ್ರಾಂಕ್. ನಾನು ನಿಮ್ಮ ಅಡುಗೆಮನೆಯಲ್ಲೇ ಕಾಫಿ ಹಿಡಿದು ನಿಂತಿದ್ದೆ. ನೀವು ಸಂಭ್ರಮದಿಂದ ಹಡಗಿನ ಸುದ್ದಿ ಹೇಳಿದಿರಿ. ಅತ್ತಲಿಂದ ಅವರು ಏನೆಂದರೋ — ಅಲ್ಲ, ಏನೆಂದರೆಂದು ನನಗೆ ಗೊತ್ತಿತ್ತು. ನಿಮ್ಮ ಮುಖ ಕೆಂಪಾಯಿತು.

"ಮುಳುಗಿಸಿದ್ರಾ? ನಿಂಗೆ ತಲೆ ಕೆಟ್ಟಿದೆ, ಫ್ರಾಂಕ್. ಈ ಹುಡುಗ ಎಂಜಿನಿಯರ್, ಕಂಪ್ಯೂಟರಲ್ಲಿ ನೋಡಿದಾನೆ. ಸುಳ್ಳು ಹೇಳ್ಬೇಡ!"

ಫೋನ್ ಕುಕ್ಕಿ ನನ್ನ ಕಡೆ ನೋಡಿದಿರಿ. ಒಂದು ಮಾತು ಸಾಕಿತ್ತು, ಆಗಲೇ... ನಾನು ಕಾಫಿ ಕಪ್ ಹಿಡಿದು ಸಿಂಕಿನ ಕಡೆ ತಿರುಗಿದೆ. ಕೆಲಸವಿಲ್ಲದ ನನ್ನನ್ನು ಆಗ ಎಂಜಿನಿಯರ್ ಎನ್ನುತ್ತಿದ್ದವರು ನೀವೊಬ್ಬರೇ. ನನಗೆ ಭಯವಾಯಿತು.

ಫ್ರಾಂಕ್ ಮತ್ತೆ ಮತ್ತೆ ಫೋನ್ ಮಾಡಿದರು, ನೀವು ಎತ್ತಲಿಲ್ಲ. ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಅಂತ್ಯಕ್ರಿಯೆಗೆಂದು ಸ್ಕೋಕಿಗೆ ನಾನೇ ನಿಮ್ಮನ್ನು ಕರೆದುಕೊಂಡು ಹೋದೆ. ಹಡಗಿಗೆಂದು ಇಟ್ಟಿದ್ದ ಹೊಸ ಶೂ ಹಾಕಿಕೊಂಡಿದ್ದಿರಿ. ದಾರಿಯಲ್ಲಿ ನಿಟ್ಟುಸಿರು ಬಿಟ್ಟಿರಿ: "ಪಾಪ ಫ್ರಾಂಕ್. ಕೊನೆಗಾಲಕ್ಕೆ ನೆನಪೇ ಹೋಗಿತ್ತು. ನಮ್ಮ ಹಡಗನ್ನೇ ಮರೆತುಬಿಟ್ಟ."

ನಾನು ಹೂಂ ಎಂದೆ.

ಈಗ ನೀವೂ ಇಲ್ಲ. ಯಾರ ಕ್ಷಮೆ ಕೇಳಲಿ? ಫ್ರಾಂಕ್ ಅವರಿಗೆ ಎಲ್ಲವೂ ಸರಿಯಾಗಿಯೇ ನೆನಪಿತ್ತು, ಅಂಕಲ್.