ಆಯಿಯ ಮಾತಿನ ಮೇಲೆ ಹಾಕಿದ ಹಾಡು

ಹೊಸ ಯಂತ್ರದ ಪೆಟ್ಟಿಗೆ ಬಿಚ್ಚಿದಾಗ ಒಂದು ವಾಸನೆ ಬರುತ್ತದಲ್ಲ, ಥರ್ಮೋಕೋಲು, ರಬ್ಬರು, ಇನ್ನೂ ಯಾರ ಕೈಬೆವರೂ ತಾಗದ ಪ್ಲಾಸ್ಟಿಕ್ಕು ಎಲ್ಲ ಸೇರಿದ್ದು, ಅದರ ಜೊತೆಗೇ ನನಗೆ ತಂಬಾಕಿನ ಘಾಟೂ ಬರುತ್ತದೆ. ಅಂಗಡಿಯವನು ಮಿಕ್ಸರ್ ತೋರಿಸುತ್ತಿರುತ್ತಾನೆ, ನಾನು ನಿಪ್ಪಾಣಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ನಿಂತಿರುತ್ತೇನೆ. ಆ ಮನೆಯ ಬೆನ್ನಿಗೇ ತಂಬಾಕು ತುಂಬಿಡುವ ವಖಾರಿ ಇತ್ತು. ಅಲ್ಲಿ ಚೀಲ ಝಾಡಿಸಿದರೆ ಇಲ್ಲಿ ನಮ್ಮ ಹಾಸಿಗೆಗೆ, ಹಾಲಿಗೆ, ದೇವರ ಕೋಣೆಗೆ ಎಲ್ಲಕ್ಕೂ ಅದೇ ಘಾಟು. ಅಲ್ಲೇ ಹುಟ್ಟಿದ ನಮಗೆ ಗೊತ್ತಾಗುತ್ತಿರಲಿಲ್ಲ. ಕೊಲ್ಲಾಪುರದ ಕಡೆಯಿಂದ ಸೊಸೆಯಾಗಿ ಬಂದ ನನ್ನ ತಾಯಿ ಮಾತ್ರ ಮೊದಲ ವರ್ಷವೆಲ್ಲ ಸೀನುತ್ತಲೇ ಇದ್ದಳಂತೆ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಓಣಿಯಲ್ಲಿ ಮರಾಠಿ ಎಷ್ಟೇ ಇರಲಿ, ನಮ್ಮ ಮನೆಯ ಮಾತು ಕನ್ನಡ. ಮಂದಿಯೆದುರು ಆಯಿ ನನ್ನೊಂದಿಗೂ ಕನ್ನಡವನ್ನೇ ಆಡುತ್ತಿದ್ದಳು, ಮದುವೆಯಾದ ಮೇಲೆ ಕಲಿತದ್ದು, ಅಳೆದು ತೂಗಿ ಆಡುವಂಥದ್ದು. ನಾವಿಬ್ಬರೇ ಇದ್ದಾಗ ಮರಾಠಿ. ಅಣ್ಣ ಸದಾ ಅಪ್ಪನ ಬಾಲ, ಅವನಿಗೆ ಆ ಮರಾಠಿ ಅಷ್ಟಾಗಿ ದಕ್ಕಲಿಲ್ಲ. ಅದು ನನ್ನೊಬ್ಬಳ ಪಾಲು ಎಂದು ನನಗೆ ಒಳಗೊಳಗೇ ಜಂಬವಿತ್ತು.

ಅಪ್ಪನ ತಮ್ಮ, ನಮ್ಮ ಕಾಕಾ, ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿದ್ದ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಮದುವೆಗೆ ವಿಡಿಯೋ ಬೇಕೆಂದು ಜನ ಕೇಳತೊಡಗಿದ್ದರು. ಕಾಕಾ ಮುಂಬಯಿಗೆ ಹೋಗಿ, ಹೆಗಲ ಮೇಲೆ ಹೊರುವಂಥ ದೊಡ್ಡ ಕ್ಯಾಮೆರಾವೊಂದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದು, ನಮ್ಮ ಪಡಸಾಲೆಯಲ್ಲೇ ಅದರ ಪೆಟ್ಟಿಗೆ ಬಿಚ್ಚಿದ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಎನ್ನುವ ಹಾಗೆ, ಎರಡು ದಿನ ಕಂಡದ್ದನ್ನೆಲ್ಲ ತೆಗೆದ. ಬಾವಿ, ತುಳಸಿ, ಎಮ್ಮೆಯ ಬಾಲ. ಮನುಷ್ಯರದೇ ಕಷ್ಟವಾಗಿತ್ತು. ಫೋಟೋ ಅಷ್ಟೇ ಗೊತ್ತಿದ್ದ ನಮ್ಮ ಮಂದಿ ಕ್ಯಾಮೆರಾ ಕಂಡದ್ದೇ ಉಸಿರು ಹಿಡಿದು ನಿಲ್ಲುತ್ತಿದ್ದರು. ಅಪ್ಪನಂತೂ ಟೊಪ್ಪಿಗೆ ಹಾಕಿಕೊಂಡು, ಕೈ ಎರಡೂ ಬಗಲಿಗೆ ಅಂಟಿಸಿ, ಕಣ್ಣು ಮಿಟುಕಿಸದೆ ನಿಂತ.

"ಅಣ್ಣಾ, ಅಲ್ಲಾಡೋ! ಇದು ಫೋಟೋ ಅಲ್ಲ," ಎಂದು ಕಾಕಾ ಒದರಿದ.

"ಅಲ್ಲಾಡಿದ್ರ ಹಾಳಾಗೂದಿಲ್ಲೇನ?" ಎಂದು ಅಪ್ಪ ತುಟಿ ಅಲುಗದಂತೆ ಕೇಳಿದ.

ಆಯಿಯೊಬ್ಬಳಿಗೆ ಹಾಗೆ ನಿಲ್ಲಲಾಗಲಿಲ್ಲ, ಏಕೆಂದರೆ ಅವಳ ಕೈಯಲ್ಲಿ ರೊಟ್ಟಿಯಿತ್ತು. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಹಾಗಾಗಿ ನಾಲ್ಕೂವರೆಗೆಲ್ಲ ಹಿತ್ತಲಿನ ಒಲೆ ಹೊತ್ತಿಸಿರುತ್ತಿದ್ದಳು. ಆ ಹೊತ್ತಿನ ಬಿಸಿಲು ಓರೆಯಾಗಿ ಬಂದು ಅವಳ ಮುಖದ ಅರ್ಧಕ್ಕೆ ಬೀಳುತ್ತಿತ್ತು. ಕಾಕಾ ತನ್ನ ಅತ್ತಿಗೆಗೆ, "ವೈನಿ, ಬೆಳಕ ಛಲೋ ಐತಿ, ನಿಮ್ಮ ಕೆಲಸ ನೀವು ಮಾಡ್ರಿ," ಎಂದು ಕ್ಯಾಮೆರಾ ಹಚ್ಚಿದ. ನಾನು ಅವನ ಪಕ್ಕದಲ್ಲೇ, ಕೆಂಪು ದೀಪ ಹೇಗೆ ಉರಿಯುತ್ತದೆಂದು ನೋಡುತ್ತ ನಿಂತಿದ್ದೆ. ಆಯಿ ರೊಟ್ಟಿ ಬಡಿದಳು, ಹಂಚಿಗೆ ಹಾಕಿದಳು, ನೀರು ಸವರಿದಳು. ಆಮೇಲೆ ತಲೆಯೆತ್ತಿ, ಕ್ಯಾಮೆರಾದ ಪಕ್ಕದಲ್ಲಿದ್ದ ನನ್ನತ್ತ ನೋಡಿ ನಾಲ್ಕೈದು ಮಾತು ಆಡಿದಳು. ನಕ್ಕಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟೇ.

ಮದುವೆಯ ಕೆಲಸ ಶುರುವಾಗುವ ಮುಂಚೆ ಕಾಕಾ ಎಡಿಟಿಂಗ್ ಕಲಿಯಬೇಕಿತ್ತು. ಮಾಳಿಗೆಯ ಕೋಣೆಯಲ್ಲಿ ಎರಡು ವಿಸಿಆರ್ ಇಟ್ಟು, ವಾಯರಿನಿಂದ ಒಂದಕ್ಕೊಂದು ಜೋಡಿಸಿ, ಒಂದರಲ್ಲಿ ಓಡಿಸಿ ಇನ್ನೊಂದರಲ್ಲಿ ಬೇಕಾದಷ್ಟನ್ನೇ ಇಳಿಸಿಕೊಳ್ಳುವುದು. ಬೆರಳು ಒಂದು ಕ್ಷಣ ತಡವಾದರೆ ಎಮ್ಮೆಯ ಬಾಲ ಹೋಗಿ ಅಪ್ಪನ ಟೊಪ್ಪಿಗೆಗೆ ಕೂಡುತ್ತಿತ್ತು. ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ಧ್ವನಿಯ ವಿಷಯಕ್ಕೆ ಕಾಕಾ ಬಲು ಕಟ್ಟುನಿಟ್ಟು. ಕೆಮ್ಮು, ಪಾತ್ರೆ, ಕೂಗಾಟ ಇವೆಲ್ಲ ಅವನ ಪ್ರಕಾರ ಕಸ. "ಮಂದಿಗೆ ಸಪ್ಪಳ ಬ್ಯಾಡ, ಹಾಡ ಬೇಕು," ಎಂದವನೇ ನನ್ನತ್ತ ತಿರುಗಿ, "ನಿಮ್ಮ ಆಯಿಗೆ ಯಾವ ಹಾಡ ಹಾಕೂಣು?" ಎಂದು ಕೇಳಿದ. ನನಗೆ ಒಂಬತ್ತು ವರ್ಷ. ಯಾರಾದರೂ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಓಡಿಹೋಗಿ ನನ್ನ ಇಷ್ಟದ ಸಿನಿಮಾ ಹಾಡಿನ ಕ್ಯಾಸೆಟ್ಟು ತಂದು ಕೊಟ್ಟೆ. ಧ್ವನಿ ತೆಗೆದು ಹಾಡು ಇಳಿಸುವ ಗುಂಡಿಯನ್ನೂ ನನ್ನ ಕೈಯಿಂದಲೇ ಒತ್ತಿಸಿದ.

ಸಂಜೆ ಓಣಿಯೆಲ್ಲ ನಮ್ಮ ಪಡಸಾಲೆಗೆ ಬಂತು. ಆಯಿ ತನ್ನನ್ನು ತಾನು ನೋಡಿ, "ಅಯ್ಯ, ಒಲಿ ಮುಂದ ಕೂತಾಕಿಗೆ ಹೀರೋಯಿನ್ ಮಾಡ್ಯಾರ," ಎಂದು ನಾಚಿ ಒಳಗೆ ಹೋದಳು. ಒಳ್ಳೇ ತುಣುಕುಗಳೆಲ್ಲ ಎರಡನೆಯ ಕ್ಯಾಸೆಟ್ಟಿಗೆ ಬಂದಿದ್ದವಲ್ಲ, ಮೊದಲಿನದನ್ನು ಕಾಕಾ ಮರಳಿ ಸುತ್ತಿ, ಏಕಸಂಬಿಯ ಯಾರದೋ ಮದುವೆಯನ್ನು ಅದರ ಮೇಲೇ ತೆಗೆದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆಯಿ ಮನೆತುಂಬ ಮಾತಾಡಿಕೊಂಡು ಓಡಾಡುತ್ತಿರುವಾಗ ಅವಳ ಮಾತನ್ನು ಯಾರು ತಾನೇ ಕೂಡಿಡುತ್ತಾರೆ?

ಎರಡು ಮಳೆಗಾಲದ ನಂತರ, ಎಂಟು ದಿನದ ಜ್ವರದಲ್ಲಿ ಆಯಿ ಹೋದಳು. ನಾನು ಅಳಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ನನಗೆ ಏನೂ ಅನಿಸಲಿಲ್ಲ. ಹೆಂಗಸರು ನನ್ನನ್ನು ತಬ್ಬಿಕೊಂಡು ಅಳುವಾಗ ಅವರ ಸೀರೆಯ ಅಂಚಿನ ಚೌಕಡಿ ಎಣಿಸುತ್ತಿದ್ದೆ. ಮುಂದೆ ಶಾಲೆ, ಕಾಲೇಜು, ಚಿಕ್ಕೋಡಿಗೆ ಮದುವೆ, ಎಲ್ಲವೂ ಹಾಗೇ, ಜೋಮು ಹಿಡಿದ ಕಾಲಿನಲ್ಲಿ ನಡೆದಂತೆ ನಡೆದುಹೋಯಿತು. ವಖಾರಿ ಹೋಯಿತು, ಮನೆ ಕೆಡವಿ ಅಂಗಡಿ ಸಾಲು ಕಟ್ಟಿದರು. ನಿಮಗೂ ಇಂಥ ಮನೆಯೊಂದು ಇದ್ದಿದ್ದರೆ ಗೊತ್ತಿರುತ್ತದೆ, ಗೋಡೆ ಬಿದ್ದದ್ದನ್ನು ನೋಡಲು ನಾವು ಹೋಗುವುದೇ ಇಲ್ಲ.

ಕ್ಯಾಸೆಟ್ಟು ಬೂಸಲು ಹಿಡಿಯುವ ಮುಂಚೆ ಅಣ್ಣ ಅದನ್ನು ಸಿಡಿಗೆ ಹಾಕಿಸಿ ತಂದ. ಇಬ್ಬರೂ ಕೂತು ನೋಡಿದೆವು. ಆಯಿಯ ತುಟಿ ಅಲುಗುತ್ತದೆ, ಕೇಳುವುದು ಹಾಡು. ಧ್ವನಿ ಬಂದ್ ಮಾಡಿದೆ. ಆಗ ಏನೂ ಇಲ್ಲ. "‘ಹೊಗಿ ಬರ್ತೈತಿ, ಆಕಡೆ ಸರಿ’ ಅಂದಾಳ ನೋಡು," ಎಂದ ಅಣ್ಣ. ನನಗೆ ಅದು ‘ಇಕಡೆ ಯೇ ಬಾಳಾ’ ಎಂದಂತೆ ಕಂಡಿತು, ಇತ್ತ ಬಾ ಮಗೂ ಎಂದು. ಹತ್ತು ಸಲ ಹಿಂದೆ ಮುಂದೆ ಮಾಡಿ ನೋಡಿದೆವು. ಕನ್ನಡವೋ ಮರಾಠಿಯೋ ಅದೇ ತಿಳಿಯಲಿಲ್ಲ. ಅಣ್ಣನಿಗೆ ಅದು ದೊಡ್ಡದಲ್ಲ. ನನಗೆ ಬೇಕಾದದ್ದು ಅದೊಂದೇ. ಕನ್ನಡವಾಗಿದ್ದರೆ ಆಯಿ ಆಡಿದ್ದು ಎಲ್ಲರೆದುರಿನ ಮಾತು. ಮರಾಠಿಯಾಗಿದ್ದರೆ ಕ್ಯಾಮೆರಾ, ಕಾಕಾ ಎಲ್ಲರನ್ನೂ ಮರೆತು ನನಗೊಬ್ಬಳಿಗೇ ಆಡಿದ ಮಾತು. ಅದನ್ನು ಕೇಳಿಸಿಕೊಂಡವಳು ನಾನು. ನನಗೇ ನೆನಪಿಲ್ಲ. ಅವಳ ಧ್ವನಿ ದಪ್ಪಗಿತ್ತೋ ತೆಳ್ಳಗಿತ್ತೋ ಎಂದು ಕೇಳಿದರೂ ಹೇಳಲಾರೆ.

ಕಾಕಾನನ್ನು ಕೇಳಿದೆ. ಅವನ ಕಣ್ಣು ಮಂಜಾಗಿದ್ದರೂ ಮಾತು ಹರಿತವಾಗಿಯೇ ಇತ್ತು. "ಏನಂದ್ರೋ ಯಾರಿಗೆ ನೆನಪ ಐತಿ ಬೇ? ಹಾಡ ಮಾತ್ರ ಛಲೋ ಕೂತಿತ್ತ ನೋಡು," ಎಂದ. ಸುಳ್ಳಲ್ಲ. ಆಯಿ ಸೆರಗು ಬಾಯಿಗೆ ಒಯ್ಯುವುದಕ್ಕೂ ಹಾಡಿನ ಸಾಲು ಮುಗಿಯುವುದಕ್ಕೂ ಸರಿಹೋಗುತ್ತದೆ.

ಹೋದ ದೀಪಾವಳಿಯಲ್ಲಿ ನನ್ನ ಮಗಳು ಆ ಸಿಡಿ ಹುಡುಕಿ ತೆಗೆದು ಹಚ್ಚಿದಳು. ಈಗ ಅವಳಿಗೂ ಒಂಬತ್ತು. ಆಯಿ ಹಾಡಿದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ, ಬಸದಿಯ ಪೂಜೆಯಲ್ಲೂ ಅವಳು ಬರೀ ತುಟಿ ಅಲ್ಲಾಡಿಸುವವಳು. ಮಗಳು ಕೆನ್ನೆಗೆ ಕೈ ಹಚ್ಚಿ ಕೊನೆಯವರೆಗೂ ನೋಡಿ, ನನ್ನತ್ತ ತಿರುಗಿದಳು.

"ಅವ್ವಾ, ಅಜ್ಜಿ ಎಷ್ಟ ಛಂದ ಹಾಡ್ತಿದ್ಲಲಾ?"

"ಹೂಂ," ಎಂದೆ. "ಭಾಳ ಛಂದ ಹಾಡ್ತಿದ್ಲು."