ಫೋನಿನಲ್ಲಿ ಹೇಳದ ಪಾಸ್‌ವರ್ಡ್

ಗೆಳೆಯರೇ, ತಪ್ಪು ಯಾರದು, ನೀವೇ ಹೇಳಿ. ನಮ್ಮ ಪತ್ತಿನ ಸೊಸೈಟಿಯ ಖಾನಾಪುರ ಶಾಖೆಯ ರೂಟರ್‌ನ ಅಡ್ಮಿನ್ ಪಾಸ್‌ವರ್ಡನ್ನು ಫೋನಿನಲ್ಲಿ ಯಾರಿಗೂ ಹೇಳಬಾರದೆಂದು ಅಲ್ಲಿನ ಮ್ಯಾನೇಜರ್ ಪಾಟೀಲರಿಗೆ, ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ನಾನೇ ತಾಕೀತು ಮಾಡಿದ್ದೆ. ಇವತ್ತು ಬೆಳಗಾವಿಯ ಮುಖ್ಯ ಕಚೇರಿಯಿಂದ ಫೋನ್ ಮಾಡಿ, ಪರೀಕ್ಷಿಸಲೆಂದೇ ಕೇಳಿದೆ.

"ನೀವ ಕೇಳಿದ್ರೂ ಹೇಳೂದಿಲ್ರಿ ಸಾಹೇಬ್ರ," ಎಂದರು.

ಖುಷಿಯಾಯಿತು. "ಭೇಷ್! ಯಾರಿಗೂ ಹೇಳಿಲ್ಲಲ್ರೀ?"

"ನಿನ್ನೆ ರೂಟರ್ ನೋಡಾಕ ಒಬ್ರು ಬಂದಿದ್ರಲ್ರೀ, ಅವ್ರಿಗೆ ಹೇಳೇನ್ರಿ."

"ಯಾರ್ರೀ ಅವ್ರು? ನಾವು ಯಾರನ್ನೂ ಕಳಿಸಿಲ್ಲಲ್ರೀ!"

"ಹೆಸರು ಕೇಳಲಿಲ್ರಿ. ಗುಂಜಿಯವ್ರಂತ್ರಿ, ನಮ್ಮ ಬೀಗರ ಊರವ್ರು. ಬಾಜೂಕ ಕುಂತು ಚಾ ಕುಡದ್ರು. ಫೋನಿನ್ಯಾಗ ಏನೂ ಹೇಳಿಲ್ರಿ, ಖರೇನ!"

ತಕ್ಷಣ ಪಾಸ್‌ವರ್ಡ್ ಬದಲಿಸಿದೆ. ಹೊಸದನ್ನು ಪಾಟೀಲರಿಗೆ ಹೇಗೆ ತಿಳಿಸಲಿ? ಫೋನಿನಲ್ಲಿ ಹೇಳುವಂತಿಲ್ಲ. ಎದುರಿಗೆ ಹೋಗಿ ಹೇಳಿದರೆ, ಮುಂದಿನ ಚಹಾದವರೆಗೆ ಮಾತ್ರ ಗುಟ್ಟು.