ಶಹಾಡ್‌ನ ಲ್ಯಾಬಿನಲ್ಲಿ ಉಳಿದ ಡಬ್ಬ

2024ರ ಜುಲೈ ತಿಂಗಳ ಒಂದು ಸೋಮವಾರ, ಮುಂಬೈ ಬಳಿಯ ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ನನ್ನ ಅಣ್ಣನ ದೊಡ್ಡ ಕರುಳಿನ ಒಂದು ಭಾಗವನ್ನು ಕ್ಯಾನ್ಸರ್ ಗಡ್ಡೆಯ ಸಮೇತ ತೆಗೆದರು. ಇಂಥ ಸಣ್ಣ ಆಸ್ಪತ್ರೆಗಳಲ್ಲಿ ತೆಗೆದದ್ದನ್ನು ಪರೀಕ್ಷೆಗೆ ಒಯ್ಯುವುದು ಮನೆಯವರ ಕೆಲಸ. ಆ ತುಂಡು ಕೆಡದಂತೆ ಫಾರ್ಮಾಲಿನ್ ತುಂಬಿದ ಬಿಳಿ ಡಬ್ಬವನ್ನು ಅತ್ತಿಗೆ ಮಡಿಲಲ್ಲಿಟ್ಟುಕೊಂಡರು. ಇಬ್ಬರೂ ರಿಕ್ಷಾದಲ್ಲಿ ಶಹಾಡ್‌ನ ಲ್ಯಾಬಿಗೆ ಹೋದೆವು.

"ನೋಡಿ ಆದ ಮೇಲೆ ಕಸಕ್ಕೆ ಹಾಕ್ಬೇಡಿ ಮಾರಾಯ್ರೆ, ನಮ್ಮವರ ಮೈಯದ್ದೇ ಅಲ್ವಾ? ನಮಗೆ ಕೊಡಿ, ಬೆಂಕಿಗೆ ಕೊಡ್ತೇವೆ," ಎಂದರು ಅತ್ತಿಗೆ.

ಪರೀಕ್ಷಿಸುವ ಡಾಕ್ಟರಮ್ಮ ಧಾರವಾಡದ ಕಡೆಯವರು. "ಕೈಗೆ ಕೊಡಾಕ ಬರೂದಿಲ್ರೀ ಅಕ್ಕಾರ. ನಾವೂ ಸುಡಾಕನ ಕಳಸ್ತೀವಿ. ಕಳಸೂ ಮುಂಚೆ ನಿಮಗ ಹೇಳ್ತೀವಿ."

ವರದಿ ಬಂತು. ಕರುಳಿಗಂಟಿದ ಕೊಬ್ಬಿನಲ್ಲಿ ಎಂಟು ದುಗ್ಧಗ್ರಂಥಿಗಳು, ಅಂದರೆ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವ ಲಿಂಫ್ ಗಂಟುಗಳು, ಸಿಕ್ಕಿದ್ದವು. ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ. ಡೊಂಬಿವ್ಲಿಯಲ್ಲಿ ಹೋಟೆಲ್ ನಡೆಸುವ ಅಣ್ಣ, "ಆಯ್ತಲ್ಲ, ಇನ್ನು ಹೋಟೆಲಿನ ಗಲ್ಲೆಯಲ್ಲಿ ಕೂರ್ತೇನೆ," ಎಂದ. ಆದರೆ ಗಾಯ ಕೀವಾಗಿ ಮತ್ತೆ ಆಸ್ಪತ್ರೆ ಸೇರಿದ. ಠಾಣೆ ನಗರದ ಕ್ಯಾನ್ಸರ್ ತಜ್ಞರಿಗೆ ವರದಿ ತೋರಿಸುವಾಗ ಒಂದು ತಿಂಗಳು ದಾಟಿತ್ತು.

ಅವರು ಒಪ್ಪಲಿಲ್ಲ. ಕನಿಷ್ಠ ಹನ್ನೆರಡು ಗ್ರಂಥಿಗಳನ್ನಾದರೂ ನೋಡಬೇಕು. ಎಂಟು ಶುದ್ಧವಾಗಿದ್ದ ಮಾತ್ರಕ್ಕೆ ರೋಗ ಹರಡಿಲ್ಲ ಎನ್ನಲಾಗದು. ಕಿಮೋ ಬೇಕೋ ಬೇಡವೋ ಎಂಬುದು ಅದರ ಮೇಲೆ ನಿಂತಿತ್ತು. ಉಳಿದ ಕೊಬ್ಬನ್ನು ಮತ್ತೆ ಹುಡುಕಿಸಿ ಎಂದರು.

ಲ್ಯಾಬಿಗೆ ಫೋನ್ ಮಾಡಿದೆ. ಆ ವಾರದ ಡಬ್ಬಗಳೆಲ್ಲ ಸುಡಲು ಹೋಗಿದ್ದವು. ನಮ್ಮದೊಂದು ಉಳಿದಿತ್ತು. ಕಳಿಸುವ ಮುಂಚೆ ಲ್ಯಾಬಿನವರು ಕೇಳಿದಾಗ ಅತ್ತಿಗೆ, "ಇವರಿನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾರೆ, ಈಗ ಬೆಂಕಿ ಬೇಡ," ಎಂದಿದ್ದರಂತೆ.

ಮರುದಿನ ಡಾಕ್ಟರಮ್ಮ ನನ್ನನ್ನು ಬಾಗಿಲ ಬಳಿ ನಿಲ್ಲಲು ಬಿಟ್ಟರು. ಹಳದಿ ಕೊಬ್ಬನ್ನು ತೆಳ್ಳಗೆ ಕೊಯ್ದು, ಒಂದೊಂದು ಹೋಳನ್ನೂ ಬೆರಳುಗಳ ನಡುವೆ ಒತ್ತಿ ನೋಡುತ್ತಿದ್ದರು.

"ಸಾಬೂದಾಣಿಗಿಂತ ಸಣ್ಣವೂ ಇರ್ತಾವ್ರಿ. ಕಣ್ಣಿಗಿಂತ ಮೊದ್ಲ ಬೆರಳಿಗೆ ಹತ್ತತಾವ."

ಇನ್ನೂ ಏಳು ಸಿಕ್ಕವು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವುಗಳಲ್ಲಿ ಒಂದರಲ್ಲಿ ಕ್ಯಾನ್ಸರ್ ಇತ್ತು.

ಅಣ್ಣನಿಗೆ ನಾನೇ ಹೇಳಿದೆ. "ಬೇಳೆಯಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕಿಸಿದ್ಯಲ್ಲ ಮಾರಾಯ, ಸಿಗದೆ ಇರ್ತದಾ?" ಎಂದ. ಮತ್ತೆ, "ಕಿಮೋ ಯಾವಾಗ ಶುರು?" ಎಂದು ಕೇಳಿದ.

ಅವನು ಮನೆಗೆ ಬಂದ ಮೇಲೆ, ಅತ್ತಿಗೆಯನ್ನು ಕೇಳಿ ಲ್ಯಾಬಿನವರು ಡಬ್ಬವನ್ನು ಸುಡಲು ಕಳಿಸಿದರು. ಕಿಮೋ ಮುಗಿದಿದೆ. ಕಳೆದ ತಿಂಗಳ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಗಡ್ಡೆ ಕಂಡಿಲ್ಲ.